ಬೆಲ್ಲಕ್ಕನ ಮೇಲೆ ಬರೆದ ದೂರು

ಸಭೆಗೆ ಬಂದಿರುವ ಹಿರಿಯರೇ, ಆರೈಕೆ ಮನೆಗಳಿಂದ ವ್ಯಾನು ಹತ್ತಿ ಬಂದ ಅಜ್ಜ-ಅಜ್ಜಿಯರೇ, ಕಚೇರಿಯ ಮಿತ್ರರೇ — ಮುಂದಿನ ಸಾಲಿನಲ್ಲಿರುವ ಬೆಲ್ಲಕ್ಕನ ಯಜಮಾನರೇ, ಮಗಳೇ — ಎಲ್ಲರಿಗೂ ನಮಸ್ಕಾರ.

ಹೋದ ವಾರ ಬೆಲ್ಲಕ್ಕ ನಮ್ಮನ್ನು ಅಗಲಿದರು. ಮೊನ್ನೆ ಯಜಮಾನರು ಫೋನು ಮಾಡಿ, "ಆಫೀಸಲ್ಲಿ ಅವಳಿಗೆ ನಿಮಗಿಂತ ಹತ್ತಿರದೋರು ಯಾರಿದ್ದಾರೆ, ನೀವೇ ಮಾತಾಡ್ಬೇಕು" ಅಂದರು. ಒಪ್ಪಿಕೊಂಡೆ. ಆದರೆ ನಾಲ್ಕು ಒಳ್ಳೆಯ ಮಾತಾಡಿ ಇಳಿದುಹೋಗಲು ಮನಸ್ಸಾಗುತ್ತಿಲ್ಲ. ನಿಜ ಹೇಳುತ್ತೇನೆ — ಹನ್ನೊಂದು ವರ್ಷ ನಾನು ಅವರ ಮೇಲೆ ಹೊಟ್ಟೆಕಿಚ್ಚು ಪಟ್ಟೆ.

ನಮ್ಮಿಬ್ಬರದೂ ಒಂದೇ ಕೆಲಸ. ವಯಸ್ಸಾದವರು, ಕೈಕಾಲು ಸ್ವಾಧೀನವಿಲ್ಲದವರು ಇರುವ ಆರೈಕೆ ಮನೆಗಳನ್ನು ತಪಾಸಣೆ ಮಾಡುವುದು, ಕೊರತೆ ಇದ್ದರೆ ಸರಿಪಡಿಸುವುದು. ಅವರಿಗೆ ಫಾರ್ಮು ತುಂಬಲು ಕಲಿಸಿದವನೇ ನಾನು! ಮೊದಲ ತಿಂಗಳೇ, ನಾನು 'ಅತ್ಯುತ್ತಮ' ಎಂದು ಸಹಿ ಹಾಕಿದ್ದ ಮನೆಗೆ ಹೋದರು. 'ಹಾಸಿಗೆಯ ಬಳಿ ಬೆಲ್ ಇದೆಯೇ?' ಅಂತ ಫಾರ್ಮಿನಲ್ಲಿ ಒಂದು ಪ್ರಶ್ನೆ. ನಾನು ಗೋಡೆ ನೋಡಿ ಟಿಕ್ ಹಾಕಿದ್ದೆ. ಇವರೇನು ಮಾಡಿದರು? ಚಪ್ಪಲಿ ಬಿಟ್ಟು ಮಂಚದ ಮೇಲೆ ಮಲಗಿ, ಹೀಗೆ — ಹೀಗೆ ಕೈ ಚಾಚಿದರು. ಎಟುಕಲಿಲ್ಲ! ಇಪ್ಪತ್ತಾರು ಮಂಚ, ಒಂದರಲ್ಲೂ ಎಟುಕಲಿಲ್ಲ. ಸಂಜೆಯೊಳಗೆ ಎಲ್ಲಕ್ಕೂ ಉದ್ದನೆಯ ದಾರ ಕಟ್ಟಿಸಿಯೇ ಬಂದರು.

ಅವತ್ತಿನಿಂದ ಅವರು ಬೆಲ್ ಅಕ್ಕ. ಅಜ್ಜಿಯರ ಬಾಯಲ್ಲಿ ಬೆಲ್ಲಕ್ಕ. ನಾನು? 'ಟಿಕ್ ಸಾಹೇಬ್ರು'. — ನಗಿ, ನಗಿ. ಆಗ ನನಗೆ ನಗು ಬರಲಿಲ್ಲ. ಹೋದಲ್ಲೆಲ್ಲ, "ಬೆಲ್ಲಕ್ಕ ಬರ್ಲಿಲ್ವಾ?" ನನ್ನ ಸೋದರತ್ತೆಯೂ ಒಂದು ಮನೆಯಲ್ಲಿದ್ದರು. "ನೀನು ಬಂದ್ರೆ ಪರೀಕ್ಷೆಗೆ ಕೂತ ಹಾಗಿರುತ್ತೆ ಕಣೋ. ಅವಳನ್ನೇ ಕಳ್ಸು" ಅಂದರು. ಸ್ವಂತ ಅತ್ತೆ! ಹೊಟ್ಟೆಯಲ್ಲಿ ಕೆಂಡ ಬಿತ್ತು.

ಯಜಮಾನರೇ, ಇದನ್ನು ಅವರು ನಿಮಗೂ ಹೇಳಿಲ್ಲ ಅಂತ ನಿಮ್ಮ ಫೋನಿನಿಂದಲೇ ಗೊತ್ತಾಯಿತು — ಅವರ ಮೇಲೆ ಹೆಸರಿಲ್ಲದ ದೂರು ಬರೆದವನು ನಾನು. ಅರ್ಧ ದಿನದ ತಪಾಸಣೆಗೆ ಎರಡು ದಿನ ತೆಗೆದುಕೊಳ್ಳುತ್ತಾರೆ, ಮಂಚದ ಮೇಲೆ ಮಲಗುತ್ತಾರೆ ಅಂತ. ನಾಲ್ಕು ತಿಂಗಳು ಅವರನ್ನು ಕಡತಗಳ ಕೋಣೆಗೆ ಹಾಕಿದರು. ಅವರು ನೋಡುತ್ತಿದ್ದ ಮನೆಗಳೆಲ್ಲ ನನಗೆ ಬಂದವು.

ಒಂದು ಮಧ್ಯಾಹ್ನ — ಬರೀ ಮತ್ಸರದಿಂದ, ಇವರಿಗೆ ಅಂಥದ್ದೇನು ಕಾಣುತ್ತೆ ಅಂತ — ನಾನೂ ಒಂದು ಖಾಲಿ ಮಂಚದ ಮೇಲೆ ಮಲಗಿದೆ. ಚಾವಣಿಯ ದೀಪ ನೆಟ್ಟಗೆ ಕಣ್ಣಿಗೆ ಹೊಡೆಯಿತು. ಪಕ್ಕದ ಮಂಚದ ದರ್ಜಿ ಅಜ್ಜನನ್ನು ಕೇಳಿದೆ, "ಕಣ್ಣಿಗೆ ಚುಚ್ಚಲ್ವಾ ಇದು?"

"ಆರು ವರ್ಷದಿಂದ ಚುಚ್ತಾ ಇದೆ. ಕೇಳ್ದೋರು ನೀವೇ ಮೊದಲು."

ನಾನೇ ಮೊದಲು! ಬೆಲ್ಲಕ್ಕನಿಗೂ ಕಾಣದ್ದು ನನಗೆ ಕಂಡಿತ್ತು! ಬೀಗುತ್ತ ಕಡತಗಳ ಕೋಣೆಗೆ ಓಡಿದೆ. ಅವರು ಹಣೆ ಚಚ್ಚಿಕೊಂಡರು. "ಅಯ್ಯೋ, ನಾನೂ ಅಲ್ಲಿ ಮಲಗಿದ್ದೆ. ಕಣ್ಣು ಮುಚ್ಕೊಂಡಿದ್ನೋ ಏನೋ! ಇವತ್ತೇ ಬದಲಾಯ್ಸಿ ಸಾರ್." ಆಮೇಲೆ ಮೆಲ್ಲಗೆ, "ಆ ದೂರಲ್ಲಿ 'ಘೋರ ವಿಳಂಬ' ಅಂತಿತ್ತು. ನಮ್ಮ ಆಫೀಸಲ್ಲಿ ಎಲ್ಲದಕ್ಕೂ 'ಘೋರ' ಸೇರ್ಸೋರು ನೀವೊಬ್ರೇ."

ನಾನು ಕೇಳಿದೆ, "ಗೊತ್ತಿದ್ದೂ ಸುಮ್ನಿದ್ರಾ?"

"ವಿಳಂಬ ನಿಜ ತಾನೇ? ಘೋರ ಒಂದು ಜಾಸ್ತಿಯಾಯ್ತು."

ಮರುದಿನ ದೊಡ್ಡ ಅಧಿಕಾರಿಯ ಮುಂದೆ ತಪ್ಪೊಪ್ಪಿಕೊಂಡೆ. ಬೆಲ್ಲಕ್ಕ ತಪಾಸಣೆಗೆ ಮರಳಿದರು. ನನ್ನ ಬಡ್ತಿ ಹೋಯಿತು. ಮಾತು ಆ ಅಧಿಕಾರಿಯ ಕೋಣೆ ದಾಟಲಿಲ್ಲ. ಆಮೇಲೆ ಒಂದು ದಿನವೂ ಅವರು ಅದನ್ನು ಎತ್ತಿ ಆಡಲಿಲ್ಲ — ಅದಕ್ಕೂ ಹೊಟ್ಟೆಕಿಚ್ಚು ಪಟ್ಟೆ ಸ್ವಾಮಿ. ಅಷ್ಟು ದೊಡ್ಡ ಮನಸ್ಸು ಅವರೊಬ್ಬರಿಗೇ ಏಕೆ?

ಇವತ್ತೂ ಅಷ್ಟೇ. ಈ ಸಭಾಂಗಣ ನೋಡಿ — ಕಾಲಿಡಲು ಜಾಗವಿಲ್ಲ. ನಾನು ಹೋದ ದಿನ ಇಷ್ಟು ಜನ... ಬೇಡ ಬಿಡಿ. ಈಗಲೂ ಉರಿಯುತ್ತಿದೆ.

ಯಜಮಾನರೇ, ಕ್ಷಮೆ ಕೇಳಲು ಮನೆಗೆ ಬರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿಮಗೆ ಸೇರಿದ್ದು.

ಈಗ ಎಲ್ಲರೂ ಎದ್ದು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ಆಗದವರು ಹಾಗೇ ಇರಿ. ಪಕ್ಕದವರ ತೋಳು ಹಿಡಿದು ಏಳುತ್ತೇನೆ ಅನ್ನುವವರು — ನಿಧಾನವಾಗಿ ಏಳಿ, ಕಾಯುತ್ತೇವೆ. ಕೊನೆಯವರು ಎದ್ದು ನಿಂತ ಮೇಲೆಯೇ ನಮ್ಮ ಎರಡು ನಿಮಿಷದ ಮೌನ ಶುರುವಾಗಲಿ.