ಹಸೀ ಗಿಡಕ್ಕ ಕೊಡ್ಲಿ ಹಾಕಂಗಿಲ್ಲ

ಅಲ್ಲ ದುರ್ಗಕ್ಕ, ಹಂಗ ಗೇಟಿನಾಗ ನಿಂತ್ರ ಹ್ಯಾಂಗ? ಬಾ ಒಳಗ. ಕುಂದ್ರು. ಇಡೀ ಪಾರ್ಕಿನಾಗ ಈ ಕಲ್ಲಿನ ಬೆಂಚು ಒಂದ ಉಳದೈತಿ ನೋಡು. ತಡಿ, ಧೂಳು ಒರಸ್ತೀನಿ... ಥೂ! ಮುಂಜಾನಿ ಒರಸಿದ್ದೆ, ಆಗ್ಲೇ ಕೆಂಪಗಾಗೈತಿ. ಲಾರಿ ಮ್ಯಾಲ ಲಾರಿ. ಸಂಡೂರ ಗುಡ್ಡ ಅರ್ಧ ನಮ್ಮ ಹೊಸಪ್ಯಾಟಿ ಬೀದ್ಯಾಗ ಬಿದ್ದೈತಿ. ಹ್ಞಾಂ, ಈಗ ಕುಂದ್ರು.

ಚಾ ತರಸ್ಲಾ? ಬ್ಯಾಡಾ? ಆತು.

ನಿನ್ನ ಗಂಡ, ಜಡೆಪ್ಪ ಮಾಮ ಹ್ಯಾಂಗದಾನ? ...ಇಲ್ಲ ಯಕ್ಕಾ, ಬರಬೇಕಂತ ಇದ್ದೆ, ದೇವ್ರಾಣಿ! ದಿನಾ ಅನ್ಕೊಂತೀನಿ, ಇವತ್ತು ದವಾಖಾನಿಗೆ ಹೋಗಬೇಕು, ಮಾರಿ ನೋಡ್ಕೊಂಡು ಬರಬೇಕು ಅಂತ. ಇಪ್ಪತ್ತು ದಿನಾ ಆತಲ್ಲ? ಸೊಂಟದ ಕೆಳಗ ಇನ್ನೂ... ಚಿವುಟಿದ್ರೂ ಗೊತ್ತಾಗವಲ್ದಾ? ಮತ್ತ ನಿಂದ್ರತಾನಂತಾ? ಡಾಕ್ಟ್ರು ಏನಂದ್ರು? ...ತಲಿ ಅಲ್ಲಾಡಿಸಬ್ಯಾಡ ಹಂಗ. ದೇವ್ರು ದೊಡ್ಡಾವ.

ಏನು ಮಾಡಾಕ ಬರತೈತಿ. ಗಾಳಿ ಬಂತು. ಮುಂಗಾರಿ ಗಾಳಿ ಯಾರ ಮಾತು ಕೇಳತೈತಿ? ಬೇವಿನ ಗಿಡ ಒಣಗಿ ನಿಂತಿತ್ತು, ಟೊಂಗಿ ಮುರೀತು. ಮಾಮ ಅಲ್ಲೇ ಬುಡಕ್ಕ ನಿಮ್ಮ ಬಜ್ಜಿ ಅಂಗಡ್ಯಾಗ ಕುಂತು ಮೆಣಸಿನಕಾಯಿ ಸೀಳ್ತಿದ್ದ. ಅಷ್ಟ. ಹಣಿಬರ. ಬ್ಯಾರೆ ಏನಂತ ಹೇಳ್ಲಿ?

ಏನು ನೋಡ್ತಿ? ಅಂಗೀನಾ? ಹ್ಞೂಂ... ಖಾಕಿ. ಹೊಸಾದು. ಹೋದ ವಾರ ಆರ್ಡರ್ ಬಂತು ಯಕ್ಕಾ, ಖಾಯಂ ಮಾಡಿದ್ರು ನನ್ನ. ಹದಿನೇಳು ವರ್ಷ ದಿನಗೂಲಿ ಮಾಲಿ! ಎಲ್ಲಮ್ಮ ದಿನಾ ಮಾರಿ ತಿವೀತಿದ್ಲು, 'ಗಿಡಕ್ಕರ ಬೇರು ಬಿಡ್ತಾವು, ನಿನಗ ಯಾವಾಗ ಬೇರು ಬಿಡಸ್ತಾರ' ಅಂತ. ನಗಬ್ಯಾಡ, ನಮ್ಮನ್ಯಾಕಿ ಬಾಯಿ ನಿನಗ ಗೊತ್ತೈತಲ್ಲ... ಅಂಗಿಗೂ ಗಿಡಕ್ಕೂ ಏನೂ ಸಂಬಂಧ ಇಲ್ಲ ಮತ್ತ. ಹಂಗ ಹೇಳಿದೆ, ಅಷ್ಟ.

ನೋಡು, ರಸ್ತಾ ಅಗಲ ಮಾಡಾಕ ನಲವತ್ತೊಂದು ಗಿಡ ಕಡದ್ರು. ಎಲ್ಲಾಕೂ ನಂಬರ್ ಬರದಾಂವ ನಾನ. ಬಿಳೀ ಬಣ್ಣ, ಡಬ್ಬಿ, ಬ್ರಶ್ಶು. ನೀರು ಹಾಕಿದ ಕೈಲೇ ನಂಬರ್ ಹಾಕಿದೆ. ಕಣ್ಣಾಗ ನೀರು ಬಂದ್ವು, ಸುಳ್ಳಲ್ಲ. ನಿನ್ನ ಬೇವು ಕಡೀ ನಂಬರು, ನಲವತ್ತೊಂದು. ಕಂಪ್ಲಿಯಿಂದ ಬಂದಿದ್ರಲ್ಲ ಕಡಿಯೋರು, ನಲವತ್ತು ಗಿಡ ಕಟಕಟ ಕಡದ್ರು, ಇದರ ಮುಂದ ಬಂದು ಕೊಡ್ಲಿ ಕೆಳಗ ಇಟ್ರು. ಬುಡಕ್ಕ ಕಲ್ಲು, ಅರಿಶಿಣ, ಕುಂಕುಮ, ನೀ ಮುಂಜಾನಿ ಇಟ್ಟ ಮೊದಲ್ನೇ ಬಜ್ಜಿ. 'ದುರ್ಗಮ್ಮ ಕುಂತಾಳ. ಹಸೀ ಗಿಡಕ್ಕ ಕೊಡ್ಲಿ ಹಾಕಂಗಿಲ್ಲ. ನಾವು ಮಕ್ಕಳೊಂದಿಗರು' ಅಂದು ಟೆಂಪೋ ಹತ್ತಿ ಹೋಗೇ ಬಿಟ್ರು!

ಒಂದು ಮಾತು ಹೇಳ್ಲಾ? ಬೈಬ್ಯಾಡ. ಆ ಕಲ್ಲು ಇಟ್ಟಾಂವ ನಾನ! ನೀ ಆ ಜಾಗಕ್ಕ ಬರಾಕ ಮುಂಚೆ. ಸಸಿ ಇನ್ನೂ ನನ್ನ ಮೊಣಕಾಲುದ್ದ ಇತ್ತು, ಬಸ್ಸಿಳದೋರೆಲ್ಲ ಅದರ ಬುಡಕ್ಕ ಉಚ್ಚಿ ಹೊಯ್ಯೋರು. ಎಷ್ಟಂತ ಓಡಿಸ್ಲಿ? ಕಾಲುವಿ ದಂಡ್ಯಾಗಿಂದ ಒಂದು ಕಲ್ಲು ತಂದು ನಿಂದ್ರಿಸಿ ಕುಂಕುಮ ಹಚ್ಚಿದೆ. ಅವತ್ತಿಂದ ಒಬ್ಬಾಂವ ಹತ್ರ ಬರಲಿಲ್ಲ. ಆಮ್ಯಾಲ ನೀ ಬಂದಿ, ಕೈ ಮುಗದಿ, ದುರ್ಗಮ್ಮ ಅಂತ ಹೆಸರಿಟ್ಟಿ. ಅರ್ಧ ಊರು ಬಂದು ಕಾಯಿ ಒಡೀತು. ನಾನೂ ಕೈ ಮುಗದೆ. ಮುಗಿಯಬೇಕಲ್ಲ ಮತ್ತ?

ಯಾಕ ನಗ್ತಿ? ನಗಲಿಲ್ಲಾ? ನಕ್ಕಂಗ ಕಾಣ್ತು.

ಗಿಡ ಒಣಗಿದ್ದು ಧೂಳಿಗೆ ಯಕ್ಕಾ. ಅದಿರಿನ ಧೂಳು. ಎಲಿ ಮ್ಯಾಲ ಕುಂತು ಉಸಿರು ಕಟ್ಟತೈತಿ. ನೀ ದಿನಾ ನೀರು ಹೊಯ್ದಿ, ಖರೇ. ಯುಗಾದಿ ಆದ ಮ್ಯಾಲ ಎಲಿ ಉದುರಾಕ ಹತ್ತಿದಾಗ ಎರಡೆರಡು ಕೊಡಪಾನ ಹೊಯ್ದಿ, ಹರಕಿ ಕಟ್ಟಿದಿ, ನಾನ ನೋಡೀನಿ. ಗಿಡಕ್ಕೂ ಆಯುಷ್ಯ ಅಂತ ಇರತೈತಿ. ಉಳಿದ ನಲವತ್ತು ಗಿಡ? ಅವೂ ಅದ ಧೂಳು ತಿಂದ್ವು... ಹ್ಞೂಂ, ಕಡಿಯೋತನಕ ಹಸ್ರಾಗ ಇದ್ವು. ಒಂದೊಂದು ಗಿಡದ ಮೈ ಒಂದೊಂದು ಥರ.

ನಿನ್ನ ಮ್ಯಾಲ ನನಗೇನು ಹಗಿ ಐತಿ ಯಕ್ಕಾ? ತಮ್ಮಾ ಅಂತ ಕರೆಯಾಕಿ ನೀ ಒಬ್ಬಾಕಿ. ಯುಗಾದಿ ಮುಂದ ಹೊಟ್ಟಿನೋವು ಅಂತ ಬಂದೆ, ನೆನಪೈತಾ? ಗಿರಾಕಿ ಬಿಟ್ಟು ಎದ್ದಿ. ಚೊಂಬು ತುಂಬ ಮಜ್ಜಿಗಿ ಕೊಟ್ಟಿ, ಮತ್ತ... ಮಜ್ಜಿಗಿ ಕೊಟ್ಟಿ. ಆ ಋಣ ಮರಿಯಾಂವ ಅಲ್ಲ ನಾನು.

ನಗರಸಭಿ ಸಾಹೇಬ್ರು ನನಗ ಏನೂ ಮಾಡು ಅನ್ಲಿಲ್ಲ. ಜನ ಅದೂ ಇದೂ ಅಂತಾರ, ಕೇಳಬ್ಯಾಡ. ಕರದ್ರು, ಖಾಯಂ ಫೈಲು ಟೇಬಲ್ ಮ್ಯಾಲ ಇಟ್ರು. 'ಉಚ್ಚೆಂಗೆಪ್ಪ, ಒಣಗಿದ ಗಿಡ ಕಡದ್ರ ಯಾರ ತಕರಾರೂ ಇರಂಗಿಲ್ಲ, ಹೌದಲ್ಲೋ?' ಅಂದ್ರು. ನಾ ಹೌದ್ರಿ ಅಂದೆ. ಒಣಗಿದ್ರ ತಾಯಿ ಬಿಟ್ಟು ಹೋಗ್ಯಾಳ ಅಂತ ಅರ್ಥ, ಆಮ್ಯಾಲ ಕಡೀಬೌದು. ಊರೆಲ್ಲ ಅನ್ನೋ ಮಾತದು. ಅಷ್ಟ ಮಾತಾಡಿದ್ವಿ.

ಸೆರಗಿನಾಗ ಏನದು ಗಂಟು? ಬಿಚ್ಚಬ್ಯಾಡ ಬಿಡು, ಮಾಮಗ ಊಟದ ಹೊತ್ತಾತು, ನಡಿ... ಚಕ್ಕಿನಾ. ನಮ್ಮ ಗಿಡದ್ದಾ? ಟೊಂಗಿ ಬಿದ್ದ ಮ್ಯಾಲ ಬುಡಾನೂ ಕಡದ್ರಲ್ಲ, ಅವಾಗ ಒಲಿಗೆ ಒಯ್ದಿದ್ದೇನು? ಒಯ್ಯಿ, ಯಾರು ಬ್ಯಾಡ ಅಂತಾರ. ಏನು ತೋರಿಸ್ತಿ? ತೂತು? ಹುಳ ಕೊರದಿರತೈತಿ. ಹುಳ ಭಾಳ ದುಂಡಗ ಕೊರೀತಾವು, ನಿನಗ ಗೊತ್ತಿಲ್ಲ. ಮೂಗಿಗೆ ಯಾಕ ಹಿಡೀತಿ? ದೂರ ಹಿಡಿ! ಏನೂ ಇಲ್ಲ ಅದರಾಗ. ಬೇವಿನ ಕಹಿ ವಾಸ್ನಿ, ಅಷ್ಟ. ಇಂಗಿನ ವಾಸ್ನಿ ಎಲ್ಲಿಂದ ಬರಬೇಕು? ಇಡೀ ಬ್ಯಾಸಗಿ ಕಳದೈತಿ, ಇನ್ನೂ ಹಂಗ ಇರಾಕ ಅದೇನು...

ನೀ ಇಂಗು ಅನ್ಲಿಲ್ಲ.

ನೀ ಬಂದಾಗಿಂದ ಒಂದು ಮಾತೂ ಆಡಿಲ್ಲ.

ಬೈಯಿ ಯಕ್ಕಾ. ಚಪ್ಪಲಿ ತಗೋ. ಹಂಗ ಕುಂದ್ರಬ್ಯಾಡ, ಅಂಜಿಕಿ ಬರತೈತಿ... ಗಿಡದ ಬುಡಕ್ಕ ತೂತು ಕೊರದು ಇಂಗು ತುಂಬಿದ್ರ ಎಂಥಾದೂ ಒಣಗತೈತಿ ಅಂತ ನಮ್ಮಪ್ಪ ಹೇಳ್ತಿದ್ದ. ಅಂಗಡಿ ಇಂಗು ಬರೇ ಹಿಟ್ಟು. ನಿನ್ನ ಡಬ್ಬೀದು ಖರೇ ಇಂಗು, ಬಸ್‌ಸ್ಟ್ಯಾಂಡಿನ ತನಕ ವಾಸ್ನಿ ಬರ್ತಿತ್ತು. ಟೊಂಗಿ ಮುರೀತೈತಿ ಅಂತ ನನಗೇನು ಗೊತ್ತು? ಕೆಳಗ ಮಾಮ ಕುಂತಿರ್ತಾನ ಅಂತ... ಗೊತ್ತಿತ್ತು. ದಿನಾ ಅಲ್ಲೇ ಕುಂದ್ರತಿದ್ದ.

ಅವತ್ತು ನನಗ ಹೊಟ್ಟಿನೋವು ಇರಲಿಲ್ಲ ದುರ್ಗಕ್ಕ. 'ಕರಗಿಸ್ಕೊಂಡು ಕುಡಿಯೋ ತಮ್ಮಾ' ಅಂದು ನೀನ ಕೈಯಾಗ ಇಟ್ಟಿ. ಮಜ್ಜಿಗಿ ಗಟಾರಕ್ಕ ಚೆಲ್ಲಿದೆ. ಇಂಗು ಮುಷ್ಟ್ಯಾಗ ಇಟ್ಕೊಂಡೆ.