ಆಂಟಿಯರ ಟೀಮು

ಹಾಗಲ್ಲ ಕಣ್ರೋ, ನನ್ನ ತಂಗೀನ ಇಳಿಸಿದ್ದಲ್ಲ, ಅವಳೇ ವಾಪಸ್ ಹೋಗಿದ್ದು, ಎರಡಕ್ಕೂ ವ್ಯತ್ಯಾಸ ಇದೆ. ನಿಮ್ಮಪ್ಪ ಈಗ ಊಟಕ್ಕೆ ಕೂತ್ಕೊಂಡು ಎಲ್ರ ಮುಂದೆ, "ಪಾಪ, ಅನಘಾನ ಥರ್ಡ್ ಟೀಮಿಗೆ ಇಳಿಸಿಬಿಟ್ರಂತೆ" ಅಂದ್ರಲ್ಲ, ಅದನ್ನ ಕೇಳಿ ನಾನು ಹೋಳಿಗೇನ ಅರ್ಧಕ್ಕೇ ತಟ್ಟೇಲಿ ಬಿಟ್ಟೆ. ಅಲ್ಲೇ ಹೇಳ್ಬೇಕು ಅನ್ನಿಸ್ತು. ಹೇಳ್ಲಿಲ್ಲ. ನಾನು ಯಾವತ್ತು ಹೇಳಿದೀನಿ? ಮನೆಗೆ ದೊಡ್ಡೋರು ಬಂದ್ರೆ ಪುಸ್ತಕ ತಗೊಂಡು ಮೇಲಿನ ರೂಮಿಗೆ ಹೋಗೋಳು ನಾನು. ಆದ್ರೆ ನೀವಿಬ್ರು ಕೇಳಿ, ತನ್ವಿ, ಕಿಟ್ಟು, ಬನ್ನಿ ಇಲ್ಲಿ ಬಾಗಿಲ ಮೆಟ್ಟಿಲ ಮೇಲೆ ಕೂತ್ಕೊಳ್ಳಿ, ಇವತ್ತು ಮಳೆನೂ ಇಲ್ಲ. ಕಿಟ್ಟು, ನೀನು ಇಂಗ್ಲಿಷಲ್ಲೇ ಉತ್ತರ ಕೊಡು ಪರ್ವಾಗಿಲ್ಲ, ನಾನು ಮಾತ್ರ ಕನ್ನಡದಲ್ಲೇ ಹೇಳ್ತೀನಿ, ಸಿಟ್ಟು ಬಂದಾಗ ನಂಗೆ ಇಂಗ್ಲಿಷ್ ಬರಲ್ಲ. ಮತ್ತೆ ತನ್ವಿ, ನಿನ್ನ ಕೈಲೂ ಹಾಕಿ ಆಟ ಆಡಿಸೋಕೆ ಡಬ್ಲಿನ್ನಿನ ಯಾವ ಕ್ಲಬ್ ಒಳ್ಳೇದು ಅಂತ ನಿಮ್ಮಪ್ಪ ಕೇಳ್ತಾ ಇದ್ರಲ್ಲ, ಅದಕ್ಕೇ ನಿಂಗೆ ಮುಖ್ಯವಾಗಿ ಹೇಳ್ತಿರೋದು.

ಥರ್ಡ್ಸ್ ಅಂದ್ರೆ ಏನು ಗೊತ್ತಾ, ನಮ್ಮೂರು ಮೇನೂತ್ ಕಡೆ ಹಾಕಿ ಕ್ಲಬ್ಬಲ್ಲಿ ಹೆಂಗಸರದ್ದು ಮೂರು ಟೀಮು. ಫಸ್ಟ್, ಸೆಕೆಂಡ್, ಥರ್ಡ್. ಥರ್ಡ್ಸ್ ಆಡೋದು ಎಲ್ಲಕ್ಕಿಂತ ಕೆಳಗಿನ ಲೀಗಲ್ಲಿ. ಅಲ್ಲಿ ಸ್ಕೂಲ್ ಹುಡುಗೀರು ಇರ್ತಾರೆ, ಅವರ ಪಕ್ಕದಲ್ಲೇ ಅಮ್ಮನ ವಯಸ್ಸಿನೋರೂ ಇರ್ತಾರೆ. ಓರ್ಲಾ ಅಂತ ಒಬ್ರು, ಸ್ಕೂಲ್ ಬಸ್ ಓಡಿಸ್ತಾರೆ, ಅವರ ಮಗಳು ನನಗಿಂತ ದೊಡ್ಡೋಳು, ಅವರು ಅನಘಾ ಪಕ್ಕದಲ್ಲೇ ಆಡೋದು. ಕೋಚ್ ಬ್ರೀಡಾ, ಅರವತ್ತು ದಾಟಿದೆ, ಮಂಡಿ ಆಪರೇಷನ್ ಆಗಿದೆ, ಮಡಚೋ ಕುರ್ಚಿ ಹಾಕ್ಕೊಂಡು ಗೆರೆ ಪಕ್ಕ ಕೂತಿರ್ತಾರೆ. ನಮ್ಮಪ್ಪ ಮೊದಲ ದಿನ ಅದನ್ನ ನೋಡಿ ಕಾರಿಗೆ ಬಂದು ಅಮ್ಮಂಗೆ ಹೇಳಿದ್ರು, "ಇದೇನು ಹಾಕಿನೋ, ಅರಿಶಿನ ಕುಂಕುಮಕ್ಕೆ ಕರೆದಿದಾರೋ? ಪೂರ್ತಿ ಆಂಟಿಯರ ಟೀಮು." ಅಲ್ಲಿಂದ ನಮ್ಮನೇಲಿ ಅದಕ್ಕೆ ಅದೇ ಹೆಸ್ರು. ಅಪ್ಪ ಮೈಸೂರಲ್ಲಿ ಕಾಲೇಜಿಗೆ ಆಡಿದೋರು, ಮಣ್ಣಿನ ಮೈದಾನದಲ್ಲಿ ಐದು ಜನರನ್ನ ಒಬ್ರೇ ದಾಟ್ಕೊಂಡು ಹೋಗ್ತಿದ್ರಂತೆ. ಈ ಐದು ಜನ ನಾನು ಚಿಕ್ಕೋಳಾಗಿದ್ದಾಗ ಮೂರೇ ಜನ ಇದ್ರು, ಇರ್ಲಿ.

ಆಮೇಲೆ ಕೋವಿಡ್ ಬಂತು. ನಿಮಗೆ ಸರಿಯಾಗಿ ನೆನಪಿರಲ್ಲ, ಆಗ ನೀವಿನ್ನೂ ಚಿಕ್ಕೋರು. ಸ್ಕೂಲ್ ಮುಚ್ಚಿದ್ರು, ಮೊದಲು ಮನೆಯಿಂದ ಎರಡೇ ಕಿಲೋಮೀಟರ್ ಹೋಗಬಹುದಿತ್ತು, ಆಮೇಲೆ ಐದು, ಅದು ದಾಟಿದ್ರೆ ರೌಂಡಬೌಟಲ್ಲಿ ಗಾರ್ಡಾ ಪೊಲೀಸ್ ನಿಲ್ಲಿಸಿ ಎಲ್ಲಿಗೆ ಅಂತ ಕೇಳೋರು. ಅಪ್ಪ ಮೇಲೆ ಪುಟ್ಟ ಬಾಕ್ಸ್ ರೂಮಲ್ಲಿ ಆಫೀಸ್ ಕಾಲ್, ಅಮ್ಮ ಊಟದ ಟೇಬಲಲ್ಲಿ, ನಾವಿಬ್ರೂ ಬೆಡ್ ಮೇಲೆ ಆನ್‌ಲೈನ್ ಕ್ಲಾಸು. ನಂಗೆ ಸ್ವರ್ಗ, ಸುಳ್ಳು ಯಾಕೆ ಹೇಳ್ಲಿ, ಯಾರ ಜೊತೆನೂ ಮಾತಾಡೋ ಹಾಗಿಲ್ಲ, ಓದ್ಕೊಂಡು ಬಿದ್ದಿರೋದು. ಅನಘಾಗೆ ಆಗ ಹದಿಮೂರು, ಅವಳಿಗೆ ನರಕ. ಹಿಂದಿನ ಗಾರ್ಡನ್ ಇದೆಯಲ್ಲ, ಬೆಡ್‌ಶೀಟ್ ಹಾಸಿದಷ್ಟು, ಅಲ್ಲಿ ನಿಂತ್ಕೊಂಡು ಅಕ್ಕಾ ಬಾಲ್ ಹಾಕು, ಅಕ್ಕಾ ಬಾಲ್ ಹಾಕು. ನಾನು ಹೊಡೆದಿದ್ದು ಒಂದೂ ನೆಟ್ಟಗೆ ಹೋಗ್ತಿರ್ಲಿಲ್ಲ, ಎಲ್ಲಾ ಬೇಲಿ ದಾಟಿ ಪಕ್ಕದ ಮನೆಗೆ. ಪಕ್ಕದ ಮನೆ ಅಜ್ಜ ಪಾಪ ಒಂದೊಂದು ಬಾಲನ್ನೂ ಸ್ಯಾನಿಟೈಸರ್ ಹಾಕಿ ಒರೆಸಿ ವಾಪಸ್ ಎಸೀತಿದ್ರು, ಬಾಲಿಗೇ ಜ್ವರ ಬಂದಿರೋ ಹಾಗೆ.

ಆಮೇಲೆ ಕ್ಲಬ್ ತೆಗೆದ್ರು. ತೆಗೆದ್ರು ಅಂದ್ರೆ ಹೇಗೆ, ಸಣ್ಣ ಸಣ್ಣ ಗುಂಪು, ಒಬ್ರಿಗೊಬ್ರು ತಾಗೋ ಹಾಗಿಲ್ಲ, ಒಬ್ರ ಸ್ಟಿಕ್ಕಿಂದ ಇನ್ನೊಬ್ರು ಬಾಲ್ ಕಿತ್ಕೊಳ್ಳೋ ಹಾಗಿಲ್ಲ. ಅಪ್ಪ ಅಮ್ಮಂದಿರು ಗೇಟೊಳಗೆ ಬರೋ ಹಾಗೇ ಇಲ್ಲ, ಕಾರ್ ಪಾರ್ಕೂ ಬಂದ್. ಬಿಟ್ಟು ಹೋಗ್ತಾ ಇರಿ ಅಷ್ಟೆ. ಅಪ್ಪ ಅಮ್ಮ ಇಬ್ರೂ ಆಫೀಸ್ ಫೋನಲ್ಲಿ ಇರ್ತಿದ್ರಲ್ಲ, ಅದಕ್ಕೆ ಅವಳನ್ನ ನಡೆಸ್ಕೊಂಡು ಹೋಗೋ ಕೆಲಸ ನಂದು. ಹೊರಗೆ ಒಂದು ಮೋಟು ಗೋಡೆ ಇದೆ, ಅಲ್ಲಿ ಕೂತು ಓದ್ತಿದ್ದೆ, ಅಧ್ಯಾಯ ಮುಗಿದಾಗ ತಲೆ ಎತ್ತಿ ಗಿಡಗಳ ಸಂದೀಲಿ ನೋಡ್ತಿದ್ದೆ. ಬ್ರೀಡಾ ಕೂಗ್ತಾನೇ ಇರ್ಲಿಲ್ಲ. ತಪ್ಪು ಮಾಡಿದ್ರೂ ಇಲ್ಲ. ಆಟ ನಿಂತ್ಮೇಲೆ ಅವಳನ್ನ ದೂರದಲ್ಲೇ ನಿಲ್ಲಿಸಿ ಒಂದೇ ಪ್ರಶ್ನೆ, ಏನು ಕಾಣಿಸ್ತು ನಿಂಗೆ ಅಂತ. ಅವರು ಇಂಗ್ಲಿಷಲ್ಲಿ ಕೇಳೋದು, ನಾನು ಕನ್ನಡ ಮಾಡಿ ಹೇಳ್ತಿದೀನಿ, ನಗಬೇಡಿ. ಮೊದಮೊದಲು ನಮ್ಮ ಅನಘಾ ಹೇಳ್ತಿದ್ದಿದ್ದು, "ಬಾಲ್." ಬಾಲ್ ಕಾಣಿಸ್ತು. ಸರಿ, ಗ್ರ್ಯಾಂಡ್, ಹೋಗು ಅಂತಿದ್ರು ಬ್ರೀಡಾ. ಅಷ್ಟೆ. ಬೈಗುಳ ಇಲ್ಲ, ಭಾಷಣ ಇಲ್ಲ. ಹಾಗೇ ವಾರ ಕಳೀತು, ತಿಂಗಳು ಕಳೀತು, ಮತ್ತೆ ಮುಚ್ಚಿದ್ರು, ಮತ್ತೆ ತೆಗೆದ್ರು. ಒಂದಿನ ಮನೆಗೆ ನಡ್ಕೊಂಡು ಬರ್ತಾ ಅವಳೇ ಶುರು ಮಾಡಿದ್ಲು, ಅಕ್ಕ, ಇವತ್ತು ಓರ್ಲಾ ಎಡಗಡೆ ಓಡಿದ್ರಲ್ಲ, ಅವರು ಬಾಲಿಗೆ ಓಡಿದ್ದಲ್ಲ, ಇಬ್ರನ್ನ ಎಳ್ಕೊಂಡು ಹೋಗಿದ್ದು, ಅದಕ್ಕೇ ನಂಗೆ ನಡುವೆ ಜಾಗ ಆಯ್ತು ಅಂತ. ದಾರಿ ಪೂರ್ತಿ ಅದೇ ಮಾತು. ನಂಗೆ ಹಾಕಿ ಗೊತ್ತಿಲ್ಲ, ಆದ್ರೆ ಒಂದು ಪುಸ್ತಕದಲ್ಲಿ ಅಕ್ಷರ ಮಾತ್ರ ನೋಡ್ತಿದ್ದೋರಿಗೆ ಇದ್ದಕ್ಕಿದ್ದ ಹಾಗೆ ಕಥೆ ಕಾಣಿಸೋಕೆ ಶುರುವಾದ್ರೆ ಹೇಗಿರುತ್ತೆ ಅಂತ ಗೊತ್ತು. ಅದೇ ಆಗಿತ್ತು ಅವಳಿಗೆ. ನೋಡೋಕೆ ಒಬ್ರೂ ಇಲ್ದೇ ಇದ್ದ ವರ್ಷದಲ್ಲಿ ಆಗಿದ್ದು ಅದು, ನೆನಪಿಟ್ಕೊಳ್ಳಿ.

ಆಮೇಲೆ ಕಾರ್ ಪಾರ್ಕ್ ತೆಗೆದ್ರು ನೋಡಿ. ಅಲ್ಲಿಂದ ಹಾಳಾಯ್ತು. ಕಾರಿಂದ ಇಳಿಯೋ ಹಾಗಿಲ್ಲ, ಒಳಗೇ ಕೂತು ನೋಡಬಹುದು ಅಂತ ರೂಲು. ಅಪ್ಪ ಕಾರಿನ ಮೂತಿನ ಬೇಲಿಗೆ ಒತ್ತಿ ನಿಲ್ಲಿಸೋರು. ಮನೇಲಿ ಅವಳಿಗೆ ಹೇಳಿಕೊಟ್ಟಿದ್ರು, ಒಂದು ಹಾರ್ನ್ ಅಂದ್ರೆ ಮುಂದೆ ಹೋಗು, ಎರಡು ಹಾರ್ನ್ ಅಂದ್ರೆ ಬಾಲ್ ಬಿಡಬೇಡ. ನಾನು ತಮಾಷೆ ಮಾಡ್ತಿಲ್ಲ ಕಿಟ್ಟು, ನಗ್ಬೇಡ. ಇಲ್ಲಿ ಯಾರಾದ್ರೂ ಹಾರ್ನ್ ಹೊಡೀತಾರಾ? ಪಾರ್ಕಲ್ಲಿ ನಾಯಿ ಕರ್ಕೊಂಡು ಹೋಗೋರೆಲ್ಲಾ ತಿರುಗಿ ನೋಡೋರು, ನಾನು ಸೀಟಿಂದ ಕೆಳಗೆ ಜಾರಿ ಕೂತ್ಕೋತಿದ್ದೆ. ಅನಘಾ ಬಾಲ್ ಕೈಗೆ, ಅಂದ್ರೆ ಸ್ಟಿಕ್ಕಿಗೆ, ಬಂದ ತಕ್ಷಣ ನಮ್ಮ ಕಾರಿನ ಕಡೆ ನೋಡೋಕೆ ಶುರು ಮಾಡಿದ್ಲು. ಫೋನಲ್ಲಿ ವಿಡಿಯೋ ಬೇರೆ. ರಾತ್ರಿ ಊಟದ ಹೊತ್ತಿಗೆ ಅದನ್ನ ಟಿವಿಗೆ ಹಾಕಿ, ನಿಲ್ಸಿ ನಿಲ್ಸಿ, "ಇಲ್ಲಿ ಯಾಕೆ ಪಾಸ್ ಕೊಟ್ಟೆ ಆ ಆಂಟಿಗೆ? ನೀನೇ ತಗೊಂಡು ಹೋಗ್ಬಾರ್ದಿತ್ತಾ?" ಸಾರು ಆರಿ ತಣ್ಣಗಾಗೋದು, ಅವಳು ಅನ್ನ ಕಲಸ್ತಾನೇ ಇರೋಳು, ಕಲಸ್ತಾನೇ ಇರೋಳು.

ಬ್ರೀಡಾ ಅಪ್ಪಂಗೆ ಹೇಳಿದ್ರು, ಇವಳಲ್ಲಿ ಏನೋ ಇದೆ, ಇನ್ನೆರಡು ವರ್ಷ ನನ್ನ ಹತ್ರ ಬಿಡಿ, ಥರ್ಡ್ಸಲ್ಲಿ ಬೆಳೀಲಿ, ಆಮೇಲೆ ಅವಳು ಎಲ್ಲಿಗೆ ಬೇಕಾದ್ರೂ ಹೋಗ್ತಾಳೆ ಅಂತ. ಅಪ್ಪಂಗೆ ಅದು ಹೇಗೆ ಕೇಳಿಸ್ತು ಅಂದ್ರೆ, ನಿಮ್ಮ ಮಗಳು ಫೇಲು. ನಮ್ಮೋರ ತಲೇಲಿ ಎರಡೇ ಇರೋದು, ಒಂದು ಫೇಲು, ಇನ್ನೊಂದು ಡಬಲ್ ಪ್ರಮೋಷನ್ನು. ಅಪ್ಪ ಮೂರನೇ ಕ್ಲಾಸಿಂದ ನೇರ ಐದಕ್ಕೆ ಹೋದೋರು, ಅದನ್ನ ಇವತ್ತಿಗೂ ಹೇಳ್ತಾರೆ. ನನ್ನ ಟ್ರಾನ್ಸಿಷನ್ ಇಯರೂ ಹಾಗೇ ಬಿಡಿಸಿದ್ರು. ಇಲ್ಲಿನ ಸ್ಕೂಲಲ್ಲಿ ಪರೀಕ್ಷೆ ಇಲ್ಲದ ವರ್ಷ ಅದು, ನಾಟಕ, ಲೈಬ್ರರಿ ಕೆಲಸ, ಬೆಟ್ಟ ಹತ್ತೋದು, ನಂಗೋಸ್ಕರನೇ ಮಾಡಿದ ಹಾಗಿದೆ. "ಒಂದು ವರ್ಷ ವೇಸ್ಟು" ಅಂದ್ರು, ಮುಗೀತು. ನಾನು ಬಾಯಿ ಬಿಡ್ಲಿಲ್ಲ. ಬಿಡಬೇಕಿತ್ತು ಅಂತಲ್ಲ, ಹದಿನೈದು ವರ್ಷದೋಳು ಬಾಯಿ ಬಿಡೋ ತನಕ ಕಾಯಬಾರ್ದು ದೊಡ್ಡೋರು, ಅದು ನನ್ನ ಸಿಟ್ಟು.

ಡಬ್ಲಿನ್ನಲ್ಲಿ ಒಂದು ದೊಡ್ಡ ಕ್ಲಬ್ಬಿಗೆ ಆಗ ಹುಡುಗೀರು ಕಮ್ಮಿ ಬಿದ್ದಿದ್ರು, ಕೋವಿಡ್ ಟೈಮಲ್ಲಿ ತುಂಬಾ ಜನ ಆಟ ಬಿಟ್ಬಿಟ್ಟಿದ್ರಲ್ಲ. ಅಪ್ಪ ಒಯ್ದು ಅಲ್ಲಿಗೆ ಸೇರಿಸಿದ್ರು, ಅವಳಿಗಿಂತ ದೊಡ್ಡೋರ ಟೀಮಿಗೆ. ಡಬಲ್ ಪ್ರಮೋಷನ್. ಅಲ್ಲಿದ್ದ ಅಷ್ಟೂ ತಿಂಗಳು ಅನಘಾ ಬೆಂಚ್ ಮೇಲೆ ಕೂತಿದ್ದು. ಮ್ಯಾಚ್ ಮುಗಿಯೋ ಹೊತ್ತಿಗೆ ಸ್ವಲ್ಪ ಹೊತ್ತು ಬಿಡೋರು, ಬೆವರೂ ಬರ್ತಿರ್ಲಿಲ್ಲ. ಆಮೇಲೆ ಒಂದು ಶನಿವಾರ ಯಾರಿಗೋ ಕೋವಿಡ್ ಬಂತು ಅಂತ ಇವಳನ್ನ ಮ್ಯಾಚ್ ಶುರುವಿಂದಲೇ ಆಡಿಸಿದ್ರು. ಅಷ್ಟೊತ್ತಿಗೆ ನೋಡೋರನ್ನೂ ಒಳಗೆ ಬಿಡ್ತಿದ್ರು. ಅಪ್ಪ ಬೇಲಿ ಹಿಡ್ಕೊಂಡು ನಿಂತು, ಕನ್ನಡದಲ್ಲಿ, ಜೋರಾಗಿ, "ಬಿಡ್ಬೇಡ, ಬಿಡ್ಬೇಡ, ನೀನೇ ಹೋಗು." ಅವಳು ಬಿಡ್ಲಿಲ್ಲ. ಹಿಡ್ಕೊಂಡೇ ಇದ್ಲು. ಆ ಕಡೆಯಿಂದ ಒಂದು ಎತ್ತರದ ಹುಡುಗಿ ಬಂದು ಬಾಲ್ ಕಿತ್ಕೊಂಡು ಹೋದ್ಲು, ಗೋಲ್ ಆಯ್ತು. ಇನ್ನೊಂದ್ಸಲ ಅದೇ, ಇನ್ನೊಂದು ಗೋಲು. ಅಲ್ಲಿನ ಕೋಚು ಕೈ ಸನ್ನೆ ಮಾಡಿ ಹೊರಗೆ ಕರೆದ್ರು. ಅವಳು ಬಂದು ಕೂತು ಜಾಕೆಟ್ ಚೈನನ್ನ ಮೂಗಿನ ತನಕ ಎಳ್ಕೊಂಡ್ಲು.

ಕಾರಲ್ಲಿ ವಾಪಸ್ ಬರ್ತಾ ಮೋಟಾರ್‌ವೇ ಪೂರ್ತಿ ಅಪ್ಪಂದು ನಡೀತಾನೇ ಇತ್ತು, ಅಲ್ಲಿ ಹಾಗೆ ಮಾಡ್ಬೇಕಿತ್ತು, ಇಲ್ಲಿ ಹೀಗೆ ತಿರುಗಬೇಕಿತ್ತು. ನಾನು ಅವಳ ಪಕ್ಕ ಕೂತಿದ್ದೆ. ಯಾಕೆ ಅಂತ ಗೊತ್ತಿಲ್ಲ, ಮೆಲ್ಲಗೆ ಕೇಳಿದೆ, "ಅನು, ಏನು ಕಾಣಿಸ್ತು ನಿಂಗೆ?"

ಅವಳು ಕಿಟಕಿ ಕಡೆ ತಿರುಗ್ಕೊಂಡು ಹೇಳಿದ್ಲು, "ಬಾಲ್. ಅಷ್ಟೇ ಅಕ್ಕ."

ನಂಗೆ ಏನಾಯ್ತೋ. ಕಲಿತಿದ್ದೆಲ್ಲಾ ಹೋಗಿತ್ತು ಕಣ್ರೋ. ಓರ್ಲಾ ಇಲ್ಲ, ಜಾಗ ಇಲ್ಲ, ಏನೂ ಇಲ್ಲ, ಬರೀ ಬಾಲ್. ನಾನು ಅಪ್ಪನ ಸೀಟಿನ ಹಿಂದೆ ಕೈ ಇಟ್ಟು ಹೇಳಿದೆ, "ಅಪ್ಪಾ, ಸಾಕು ನಿಲ್ಸಿ. ಇವಳು ಚೆನ್ನಾಗಿ ಆಡಿದ್ದು ನಿಮ್ಮನ್ನ ಗೇಟೊಳಗೆ ಬಿಡದೇ ಇದ್ದಾಗ ಮಾತ್ರ. ನಿಮಗೆ ಗೊತ್ತೇ ಇಲ್ಲ, ಯಾಕಂದ್ರೆ ನೀವು ನೋಡಿಲ್ಲ. ನಾನು ನೋಡಿದೀನಿ." ಅಪ್ಪ ನಮ್ಮ ಎಕ್ಸಿಟ್ ಬಿಟ್ಟು ಮುಂದೆ ಹೋಗಿ ಮುಂದಿನ ಊರು ಕಿಲ್ಕಾಕ್ ಸುತ್ತಿ ಬಂದ್ರು. ಮನೆಗೆ ಬಂದು ಅಮ್ಮಂಗೆ ಹೇಳಿದ್ರಂತೆ, "ದೊಡ್ಡೋಳಿಗೆ ಮಾತು ಬರುತ್ತೆ ಕಣೆ, ನಂಗೆ ಗೊತ್ತಿರ್ಲಿಲ್ಲ."

ಅದಾದ್ಮೇಲೆ ಅನಘಾ ಸ್ಟಿಕ್ ಮುಟ್ಲಿಲ್ಲ. ಡಬ್ಲಿನ್ನಿಗೆ ಹೋಗಲ್ಲ ಅಂದ್ಲು, ಆಂಟಿಯರ ಟೀಮಿಗೆ ವಾಪಸ್ ಹೋಗೋಕೆ ನಾಚಿಕೆ, ಬಿಟ್ಟು ಬಂದೋಳು ನಾನು, ಯಾವ ಮುಖ ಇಟ್ಕೊಂಡು ಹೋಗ್ಲಿ ಅಂತ. ಹದಿನಾಲ್ಕು ವರ್ಷದ ಮಗು ಮುಖದ ಬಗ್ಗೆ ಮಾತಾಡೋದು, ಯಾರು ಕಲಿಸಿದ್ದು? ಕೊನೆಗೆ ನಾನೇ ಹೋದೆ. ನಾನು, ಅಂಗಡೀಲಿ ಹಾಲು ಎಲ್ಲಿದೆ ಅಂತ ಕೇಳೋಕೂ ಹೆದರೋಳು. ಬ್ರೀಡಾ ಕುರ್ಚಿ ಹಿಂದೆ ಹೋಗಿ ನಿಂತೆ. ಅವರೇ ತಿರುಗದೆ ಕೇಳಿದ್ರು, "ಅವಳು ಯಾವಾಗ ಬರ್ತಾಳೆ?" ನಾನು ಅವಳಿಗೆ ನಾಚಿಕೆ ಅಂದೆ. ಅವಳ ಶರ್ಟನ್ನ ಯಾರಿಗೂ ಕೊಟ್ಟಿಲ್ಲ ಅಂದ್ರು. ಆಮೇಲೆ ಅಂದ್ರು, "ನಿಮ್ಮಪ್ಪಂಗೂ ಒಂದು ಕೆಲಸ ಇದೆ."

ಇಲ್ಲಿ ಒಂದು ಪದ್ಧತಿ ಇದೆ, ಮ್ಯಾಚ್ ಆದ್ಮೇಲೆ ಬಂದ ಟೀಮಿಗೆ ನಮ್ಮ ಕಡೆಯೋರು ಟೀ, ಸ್ಯಾಂಡ್‌ವಿಚ್ ಕೊಡ್ಬೇಕು. ಎಷ್ಟೇ ಕಿತ್ತಾಡಿದ್ರೂ ಕೂತು ಒಟ್ಟಿಗೆ ತಿನ್ನಬೇಕು. ಕೋವಿಡ್ಡಲ್ಲಿ ಅದೆಲ್ಲಾ ನಿಂತಿತ್ತು, ಆಗಷ್ಟೇ ಮತ್ತೆ ಶುರುವಾಗಿತ್ತು, ಅಡುಗೆಮನೆಗೆ ಜನ ಇರ್ಲಿಲ್ಲ. ಆ ಅಡುಗೆಮನೆ ಎಲ್ಲಿದೆ ಗೊತ್ತಾ, ಬಟ್ಟೆ ಬದಲಾಯಿಸೋ ರೂಮಿನ ಹಿಂದೆ, ಇರೋದು ಒಂದೇ ಕಿಟಕಿ, ಅದರಿಂದ ಕಾಣೋದು ಕಸದ ಡಬ್ಬ. ಪಿಚ್ ಕಾಣಲ್ಲ. ಮ್ಯಾಚ್ ಶುರುವಾದಾಗಿಂದ ಮುಗಿಯೋ ತನಕ ಅಲ್ಲೇ ಇರ್ಬೇಕು, ಬ್ರೆಡ್ ಒಣಗುತ್ತೆ ನೋಡು ಅಂದ್ರು ಬ್ರೀಡಾ, ಮುಖದಲ್ಲಿ ಒಂದು ಗೆರೆ ಅಲ್ಲಾಡ್ಲಿಲ್ಲ. ಅಪ್ಪಂಗೆ ಹೇಳಿದ್ರೆ ಬೇಡ ಅನ್ನೋಕಾಗುತ್ತಾ? ಮನೆಗೆ ಬಂದೋರಿಗೆ ತಿಂಡಿ ಕೊಡಲ್ಲ ಅಂತ ಮೈಸೂರಿನೋರ ಬಾಯಲ್ಲಿ ಬರುತ್ತಾ? ಶರ್ಟ್ ವಿಷಯ ಕೇಳಿ ಅನಘಾ ವಾಪಸ್ ಹೋದ್ಲು, ಅವಳ ಹಿಂದೇನೇ ಅಪ್ಪ ದುಸುದುಸು ಅಂತ ಅಡುಗೆಮನೆಗೆ ಹೋದ್ರು. ಈಗ ಅಪ್ಪನ ಕೊತ್ತಂಬರಿ ಚಟ್ನಿ ಸ್ಯಾಂಡ್‌ವಿಚ್ಚಿಗೆ ಬೇರೆ ಕ್ಲಬ್ಬಿನೋರು ಕೇಳ್ಕೊಂಡು ಬರ್ತಾರೆ. ಒಂದೊಂದ್ಸಲ ಅಪ್ಪ ಬೆಣ್ಣೆ ಚಾಕು ಹಿಡ್ಕೊಂಡೇ ಮೆಲ್ಲಗೆ ಮೂಲೆ ತನಕ ಬಂದು ಇಣುಕ್ತಾರೆ. ಓರ್ಲಾ ಆಡ್ತಾ ಆಡ್ತಾನೇ, ಟೀ ಕುದೀತಾ ಅಂತ ಕೂಗ್ತಾರೆ, ಅಪ್ಪ ವಾಪಸ್ ಒಳಗೆ ಹೋಗ್ತಾರೆ.

ನಗಿ, ನಗಿ. ನಂಗಿನ್ನೂ ಸಿಟ್ಟು ಹೋಗಿಲ್ಲ. ಯಾಕಂದ್ರೆ ಈಗ ಒಳಗೆ ನಿಮ್ಮಪ್ಪ "ಇಳಿಸಿಬಿಟ್ರಂತೆ" ಅಂದಾಗ ನಮ್ಮಪ್ಪ ಅಲ್ಲೇ ಇದ್ರು. ಪಲ್ಯ ಬಡಿಸ್ತಾ ಇದ್ರು. ಇಲ್ಲಪ್ಪ, ಅವಳು ಅಲ್ಲಿ ಬೆಳೀತಾ ಇದಾಳೆ ಅಂತ ಒಂದು ಮಾತು ಹೇಳ್ಲಿಲ್ಲ. "ಒಂದು ವರ್ಷ ಹೋಯ್ತು ನೋಡಿ" ಅಂದ್ರು. ಅನಘಾ ಎದುರಿಗೇ. ಅವಳು ತಟ್ಟೆ ನೋಡ್ತಾ ಅನ್ನ ಕಲಸ್ತಾ ಇದ್ಲು, ನೋಡಿದ್ರಾ ನೀವು? ಈಗ ಕಿಟ್ಟು ಕೇಳ್ತಾನೆ, ಹಾಗಾದ್ರೆ ಅವಳು ಐರ್ಲೆಂಡಿಗೆ ಆಡ್ತಾಳಾ ಅಂತ. ನಂಗೊತ್ತಿಲ್ಲ ಕಣೋ. ಬ್ರೀಡಾಗೂ ಗೊತ್ತಿಲ್ಲ. ಅವಳಿಗೆ ಹದಿನೈದು. ಹೋದ ವಾರ ಮ್ಯಾಚ್ ಮುಗಿಸ್ಕೊಂಡು ದಾರೀಲಿ ಮತ್ತೆ ಹೇಳೋಕೆ ಶುರು ಮಾಡಿದಾಳೆ, ಅಕ್ಕ, ಆ ಕಡೆ ಡಿಫೆಂಡರ್ ಹೀಗೆ ನಿಂತಿದ್ಲು, ನಾನು ಹೀಗೆ ನೋಡಿದೆ ಅಂತ. ಅದು ಹೋಗಬಾರ್ದು ಮತ್ತೆ, ಅಷ್ಟೆ ನಂಗೆ ಬೇಕಾಗಿರೋದು.

ತನ್ವಿ, ನಿಮ್ಮಪ್ಪಂಗೆ ಹೇಳು. ಇಲ್ಲ, ಬೇಡ, ನಾನೇ ಹೇಳ್ತೀನಿ ಈಗ ಒಳಗೆ ಹೋಗಿ. ಈ ಚಳೀಲಿ ದೋಸೆ ಹಿಟ್ಟು ಹುಳಿ ಬರ್ಲಿ ಅಂತ ನಿಮ್ಮನೇಲೂ ಬಿಸಿನೀರ ಟ್ಯಾಂಕಿನ ಬೀರುವಲ್ಲಿ ಇಡ್ತೀರಲ್ಲ, ಉಬ್ಬಿತಾ ಉಬ್ಬಿತಾ ಅಂತ ಗಳಿಗೆಗೊಂದ್ಸಲ ಬಾಗಿಲು ತೆಗೆದ್ರೆ ಇರೋ ಬಿಸೀನೂ ಹೋಗುತ್ತೆ. ಉಬ್ಬೋದು ಹಿಟ್ಟಿನ ಕೆಲಸ, ಬಾಗಿಲು ಮುಚ್ಚಿ ಆಚೆ ಹೋಗೋದು ನಮ್ಮ ಕೆಲಸ.