ಎಡಕ್ಕೆ ಎಳೆಯುತ್ತಿದ್ದ ಕಾರು

ಹೀಗೊಬ್ಬ ಸಾವುಕಾರ. ಊರು ಯಾವುದು ಎಂದು ಕೇಳಬೇಡಿ, ನಿಮ್ಮ ಊರೇ ಎಂದುಕೊಂಡರೂ ನನ್ನದೇನೂ ಅಡ್ಡಿಯಿಲ್ಲ. ಉಣ್ಣಲು ಉಡಲು ಕೊರತೆ ಇರಲಿಲ್ಲ. ದೈವಭಕ್ತ. ಅವನಿಗೊಂದು ಬಿಳಿ ಕಾರಿತ್ತು. ಆ ಕಾರಿನ ಮೇಲೆ ಅವನಿಗೆ ಎಷ್ಟು ಪ್ರೀತಿ ಎಂದರೆ, ತಾನೇ ಒರೆಸುತ್ತಿದ್ದ, ತಾನೇ ಓಡಿಸುತ್ತಿದ್ದ.

ನೋಡಿ, ನನಗೆ ಕಾರು ಓಡಿಸಲು ಬರುವುದಿಲ್ಲ. ಬಲ್ಲವರನ್ನು ಕೇಳಿ ತಿಳಿದುಕೊಂಡೇ ಹೇಳುತ್ತಿದ್ದೇನೆ. ಆದರೂ ಎಲ್ಲಾದರೂ ತಪ್ಪಿದರೆ ಓಡಿಸುವವರು ಇಲ್ಲಿ ಪ್ರವಚನಕ್ಕೆ ಕುಳಿತಿದ್ದೀರಿ, ಆಮೇಲೆ ಬಂದು ತಿದ್ದಿ.

ಒಮ್ಮೆ ಸಾವುಕಾರ ಯಾತ್ರೆಗೆ ಹೋದವನು ಅಲ್ಲಿಯ ಬೀದಿಯಲ್ಲಿ ಸ್ಟೇರಿಂಗಿಗೆ ಹಾಕುವ ಕಪ್ಪು ರೆಕ್ಸಿನ್ ಕವರ್ ಒಂದನ್ನು ಕೊಂಡು ತಂದ. ಆ ಕವರಿನ ನೆತ್ತಿಯ ಮೇಲೆ ಅವನ ಮನೆದೇವರ ಪುಟ್ಟ ಪಟ ಹೊಲಿದಿದ್ದರು. ಸಾವುಕಾರ ಹಿಗ್ಗಿಹೋದ. ಬೆಳಿಗ್ಗೆ ಕಾರಿನಲ್ಲಿ ಕೂರುವುದು, ಪಟವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ದೇವರು ನೆಟ್ಟಗೆ ನಿಂತಿದ್ದಾರೆಯೇ ಎಂದು ನೋಡುವುದು, ಹೊರಡುವುದು. ದೇವರು ನೆಟ್ಟಗಿದ್ದರೆ ಸ್ಟೇರಿಂಗ್ ನೆಟ್ಟಗೆ, ಸ್ಟೇರಿಂಗ್ ನೆಟ್ಟಗಿದ್ದರೆ ಕಾರು ನೆಟ್ಟಗೆ. ಇದು ಅವನ ಲೆಕ್ಕ. ಬಹಳ ಕಾಲ ಆ ಲೆಕ್ಕ ತಪ್ಪಲೂ ಇಲ್ಲ.

ಬೇಸಿಗೆ ಬಂತು. ಬಿಸಿಲಿಗೆ ನಿಂತೂ ನಿಂತೂ ರೆಕ್ಸಿನ್ ಸಡಿಲಾಯಿತು. ಕವರ್ ಒಂದಿಷ್ಟು ಬಲಕ್ಕೆ ಜರುಗಿ ಕುಳಿತಿತು. ಸಾವುಕಾರನಿಗೆ ಅದು ಗೊತ್ತಾಗಲಿಲ್ಲ. ಅವನಿಗೆ ಗೊತ್ತಾದದ್ದು ಇಷ್ಟೇ: ದೇವರನ್ನು ನೆಟ್ಟಗೆ ಹಿಡಿದು ಓಡಿಸಿದರೆ ಕಾರು ಎಡಕ್ಕೆ ಎಳೆಯುತ್ತದೆ, ಕಾರನ್ನು ನೆಟ್ಟಗೆ ಓಡಿಸಿದರೆ ದೇವರು ಬಲಕ್ಕೆ ವಾಲುತ್ತಾರೆ!

ಪಕ್ಕದ ಸೀಟಿನಲ್ಲಿ ಕೂರುವವಳು ಹೆಂಡತಿ. ಕಾರು ಎಡಕ್ಕೆ ಹೋದರೆ ಮೊದಲು ಚರಂಡಿಗೆ ಹೋಗುವವರು ಯಾರು? ಅವಳೇ.

"ಏನ್ರೀ, ಗಟಾರ ನನ್ನ ಕಡೇನ ಬರಾಕತ್ತೈತಲ್ಲ! ಏನರ ಮನಸಿನ್ಯಾಗ ಇಟ್ಕೊಂಡೀರೇನು?"

"ಸುಮ್ನಿರು. ಸ್ಟೇರಿಂಗ್ ಕೆಟ್ಟೈತಿ."

ಆ ಊರಿನಲ್ಲೊಬ್ಬ ಮಿಸ್ತ್ರಿ ಇದ್ದ. ಬೇವಿನ ಮರದ ಕೆಳಗೆ ಅವನ ಗ್ಯಾರೇಜು. ಸಾವುಕಾರನ ಗಾಡಿಗಳನ್ನೆಲ್ಲ ಮೊದಲಿನಿಂದಲೂ ಅವನೇ ನೋಡಿಕೊಂಡು ಬಂದವನು. ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬಂದ. ಅವನು ಪಟವನ್ನು ನೋಡಲಿಲ್ಲ, ರಸ್ತೆಯನ್ನು ನೋಡಿದ. ಸಮತಟ್ಟಾದ ಕಡೆ ಸ್ಟೇರಿಂಗ್ ಹಿಡಿತ ಸಡಿಲಿಸಿಯೂ ನೋಡಿದ. ಕಾರು ನೂಲು ಹಿಡಿದಂತೆ ನೇರ ಹೋಯಿತು.

"ಏನೂ ಆಗಿಲ್ರಿ ಸಾವಕಾರ್ರ. ಗಾಡಿ ನೆಟ್ಟಗ ಐತಿ. ಈ ಕವರ್ ಒಂದೀಟು..." ಎಂದು ಕೈ ಚಾಚಿದ.

"ಮುಟ್ಟಬ್ಯಾಡ! ಎಣ್ಣಿಗೈಲೆ ದೇವರನ್ನ ಮುಟ್ಟತೀಯೇನು?"

ಮಿಸ್ತ್ರಿ ಕೈ ಹಿಂದಕ್ಕೆ ತೆಗೆದುಕೊಂಡ. ಆ ಮಾತು ಅಲ್ಲಿಗೇ ನಿಂತಿತು. ಆಡಬೇಕಾದ ಮಾತು ಬಾಯಿಗೆ ಬಂದಿತ್ತು, ಕೇಳಬೇಕಾದವನು ಎದುರಿಗೇ ಇದ್ದ, ಆದರೂ ಮಾತು ಮುಗಿಯಲಿಲ್ಲ. ನಮ್ಮ ಮನೆಗಳಲ್ಲಿ ಹೀಗೆ ಅರ್ಧಕ್ಕೆ ನಿಂತ ಮಾತುಗಳು ಎಷ್ಟಿವೆಯೋ!

ಸಾವುಕಾರ ಅಲ್ಲಿಂದ ಪಟ್ಟಣದ ದೊಡ್ಡ ಗ್ಯಾರೇಜಿಗೆ ಹೋದ. ಗಾಜಿನ ಬಾಗಿಲು, ತಣ್ಣನೆಯ ಕೋಣೆ, ಕೂತಲ್ಲಿಗೇ ಕಾಫಿ. ಅಲ್ಲಿಯವರು ಸಾವುಕಾರನ ಮುಖ ನೋಡಿದರು. ಏನೂ ಆಗಿಲ್ಲ ಎಂದರೆ ಈ ಮನುಷ್ಯ ನಂಬುವುದಿಲ್ಲ ಎಂದು ಅವರಿಗೆ ತಿಳಿಯಿತು. "ಹೌದು ಸರ್, ಬಹಳ ತೊಂದರೆ ಇದೆ, ಸರಿಯಾದ ಹೊತ್ತಿಗೆ ಬಂದಿರಿ" ಎಂದರು. ಚಕ್ರಗಳ ಅಲೈನ್‌ಮೆಂಟ್ ಮಾಡಿದರು. ಸ್ಟೇರಿಂಗಿನ ಕೆಳಗಿನ ರಾಡುಗಳನ್ನು ಬದಲಿಸಿ, ಹಳೆಯವನ್ನು ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿಟ್ಟರು. ಸಾವುಕಾರನಿಗೆ ಎಷ್ಟು ಸಮಾಧಾನ! ಏನೂ ಆಗಿಲ್ಲ ಎಂದವನು ಕಳ್ಳ, ಎಲ್ಲ ಕೆಟ್ಟಿದೆ ಎಂದವನು ಜಾಣ. ನಗಬೇಡಿ. ನಮಗೂ ಹಾಗೇ ಅಲ್ಲವೇ? ತಪ್ಪು ನಮ್ಮ ಕೈಯಲ್ಲಿಲ್ಲ, ಇನ್ನೆಲ್ಲೋ ಇದೆ ಎಂದು ಯಾರಾದರೂ ಹೇಳಿದರೆ ಎಷ್ಟು ಹಿತ!

ಮನೆಗೆ ಹೊರಟ. ಕೂತ, ಕಣ್ಣಿಗೊತ್ತಿಕೊಂಡ, ದೇವರನ್ನು ನೆಟ್ಟಗೆ ಮಾಡಿದ. ಕಾರು ಎಡಕ್ಕೆ.

ಈಗ ಏನು ಹೇಳುವುದು? ದೊಡ್ಡ ಗ್ಯಾರೇಜು ತಪ್ಪು ಮಾಡಲಾರದು, ತಾನಂತೂ ತಪ್ಪು ಮಾಡಲಾರ. ಉಳಿದವರು ಯಾರು? ಬೇವಿನ ಮರದ ಮಿಸ್ತ್ರಿ. ಮರುದಿನ ಚಾದಂಗಡಿಯಲ್ಲಿ, ಊರೆಲ್ಲ ಕೂಡುವ ಹೊತ್ತಿನಲ್ಲಿ ಸಾವುಕಾರ ಹೇಳಿದ: "ಅವನ ಕೈಯಾಗ ಗಾಡಿ ಕೊಡಬ್ಯಾಡ್ರೋ. ಓಡಿಸಿ ನೋಡತೀನಿ ಅಂತ ಒಯ್ದು ಏನೋ ಸಡಲ ಮಾಡ್ಯಾನ. ದೊಡ್ಡ ಗ್ಯಾರೇಜಿನವರಿಗೂ ನೀಗವಲ್ದು."

ಸಾವುಕಾರನ ಮಾತು. ಯಾರು ಇಲ್ಲವೆನ್ನುತ್ತಾರೆ? ಒಬ್ಬೊಬ್ಬರಾಗಿ ಬಿಟ್ಟರು. ಬೇವಿನ ಮರದ ಕೆಳಗೆ ಗಾಡಿಗಳು ನಿಲ್ಲುತ್ತಿದ್ದ ಕಡೆ ಆಡುಗಳು ಮಲಗತೊಡಗಿದವು. ಸಾವುಕಾರ ಆ ದಾರಿಯಲ್ಲಿ ಹೋಗುವಾಗ ಮುಖ ಆಚೆ ತಿರುಗಿಸುತ್ತಿದ್ದ. ಒಳಗೆ ಏನೋ ಚುಚ್ಚುತ್ತಿತ್ತು. ಕಾರು ಕೆಟ್ಟಿರುವ ಚಿಂತೆ ಅದು ಎಂದುಕೊಂಡ.

ಹೀಗಿರುವಾಗ ಹಬ್ಬ ಬಂತು. ಹೆಂಡತಿ ಮನೆಯನ್ನೆಲ್ಲ ತೊಳೆದಳು, ಸ್ಟೇರಿಂಗ್ ಕವರನ್ನೂ ಬಿಚ್ಚಿ ಸೀಗೆಪುಡಿ ಹಾಕಿ ತೊಳೆದು, ತಾನೇ ಮತ್ತೆ ನೆಟ್ಟಗೆ ಹಾಕಿದಳು. ಒಳಗಿನ ಪಸೆ ಇನ್ನೂ ಆರಿರಲಿಲ್ಲ. ಇಬ್ಬರೂ ದೇವಸ್ಥಾನಕ್ಕೆ ಹೊರಟರು. ದೇವರು ನೆಟ್ಟಗೆ, ಕಾರೂ ನೆಟ್ಟಗೆ. ಸಾವುಕಾರನಿಗೆ ಆಶ್ಚರ್ಯ.

"ನೋಡಿದೇನು? ದೊಡ್ಡ ಗ್ಯಾರೇಜಿನ ಕೆಲಸ ಅಂದ್ರ ಇದು. ತಡಾ ಆದರೂ ಹತ್ತತೈತಿ."

"ಔಷಧ ಕುಡಿಸ್ಯಾರೇನ್ರೀ, ತಡಾ ಆಗಿ ಹತ್ತಾಕ?"

ಅಷ್ಟರಲ್ಲಿ ಕೆರೆಯ ತಿರುವು ಬಂತು. ಸಾವುಕಾರ ಸ್ಟೇರಿಂಗ್ ಹೊರಳಿಸಿದ. ಹಸಿ ಕವರ್ ಅವನ ಅಂಗೈಯಲ್ಲೇ ಜಾರಿತು. ತಿರುವು ದಾಟಿ ನೋಡುತ್ತಾನೆ, ದೇವರು ಬಲಕ್ಕೆ ವಾಲಿದ್ದಾರೆ! ರೂಢಿಯ ಕೈ, ದೇವರನ್ನು ನೆಟ್ಟಗೆ ಮಾಡಲು ಹೋಯಿತು. ಕಾರು ಎಡಕ್ಕೆ, ಕೆರೆಯ ಕಡೆಗೆ ನುಗ್ಗಿತು.

"ಪಟಾ ನೋಡಬ್ಯಾಡ್ರೀ! ರಸ್ತಾ ನೋಡ್ರಿ, ರಸ್ತಾ!"

ಅವನು ರಸ್ತೆ ನೋಡಿದ. ಕಾರು ರಸ್ತೆಗೆ ಬಂತು. ದೇವರು ವಾಲಿಕೊಂಡೇ ಇದ್ದರು, ಕಾರು ನೇರ ಹೋಗುತ್ತಲೇ ಇತ್ತು. ಸಾವುಕಾರ ಬದಿಗೆ ನಿಲ್ಲಿಸಿದ. ಕವರನ್ನು ಹಿಡಿದು ಆ ಕಡೆ ಜರುಗಿಸಿದ, ಈ ಕಡೆ ಜರುಗಿಸಿದ. ಸ್ಟೇರಿಂಗ್ ಮಾತ್ರ ಇದ್ದಲ್ಲೇ ಇತ್ತು. ಮಿಸ್ತ್ರಿಯ ಅರ್ಧ ಮಾತು ಈಗ ಅವನ ಕಿವಿಯಲ್ಲಿ ಪೂರ್ತಿಯಾಯಿತು.

"ಯಾರಿಗೂ ಹೇಳಬ್ಯಾಡ" ಎಂದ. ಆಮೇಲೆ ಕವರನ್ನು ಸರಿಪಡಿಸುತ್ತ, "ಮಿಸ್ತ್ರಿ ಗ್ಯಾರೇಜಿಗೆ ಹೋಗಿ ಅವನೊಬ್ಬನ ಮುಂದ ತಪ್ಪಾತು ಅಂದು ಬರತೀನಿ."

ಹೆಂಡತಿ ಅವನನ್ನೇ ನೋಡಿದಳು. "ಚಾದಂಗಡ್ಯಾಗ ನಾಕ್ ಮಂದ್ಯಾಗ ಬೈದು, ಮರದ ಬುಡಕ ಒಬ್ಬನ ಕಿವ್ಯಾಗ ತಪ್ಪಾತು ಅಂದ್ರ ಸರಿ ಹೋಗತೈತೇನ್ರಿ? ಕಾರ್ ನೆಟ್ಟಗಾತು. ನೀವು?"

ಮರುದಿನ ಸಾವುಕಾರ ಮಿಸ್ತ್ರಿಯನ್ನು ತಾನೇ ಕರೆದುಕೊಂಡು ಚಾದಂಗಡಿಗೆ ಹೋದ. ಎಲ್ಲರ ಮುಂದೆ ನಿಂತು ಕವರಿನ ಕಥೆ ಹೇಳಿದ. "ಮಿಸ್ತ್ರಿದು ಏನೂ ತಪ್ಪಿಲ್ಲ. ನಂದೇ ತಪ್ಪು" ಎಂದ. ಜನ ಬಿದ್ದು ಬಿದ್ದು ನಕ್ಕರು. ಒಬ್ಬ, "ಸಾವಕಾರ್ರ, ಹಳೇ ರಾಡು ಮಾರತೀರೇನ್ರಿ?" ಎಂದ. ಸಾವುಕಾರನಿಗೂ ನಗು ತಡೆಯಲಾಗಲಿಲ್ಲ.

ಮಿಸ್ತ್ರಿ ಮಾತ್ರ ನಗಲಿಲ್ಲ. "ನಂದೂ ಐತ್ರಿ. ಕವರ್ ಜರಗಿದ್ದು ನಾ ಅವತ್ತೇ ನೋಡಿದ್ದೆ. ನೀವು ಗದರಿಸಿದ್ದಕ್ಕ ಸಿಟ್ಟು ಬಂತು. ಅಡ್ಡಾಡ್ಲಿ ತಗೊ ಅಂತ ಸುಮ್ನಾದೆ. ನಿಮ್ಮ ಮನಿ ಅಕ್ಕಾರು ಎಡಕ್ಕ, ಗಟಾರದ ಕಡೆ ಕೂಡತಾರ ಅನ್ನೋದು ನೆನಪಾಗಲಿಲ್ರಿ." ಇಷ್ಟು ಹೇಳಿ ಚಾ ಕೈಗೆ ತಗೊಂಡ. ಮರುದಿನ ಬೇವಿನ ಮರದ ಕೆಳಗಿನ ಆಡುಗಳು ಬೇರೆ ನೆರಳು ಹುಡುಕಬೇಕಾಯಿತು.

ಈಗ ಹೇಳಿ, ಕಥೆ ಯಾರದು? ಪಟ ಹಾಕಿದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಪಟ ನೆಟ್ಟಗಿದ್ದ ಮೇಲೆ ನಾನೂ ನೆಟ್ಟಗಿದ್ದೇನೆ ಎಂದುಕೊಂಡನಲ್ಲ, ತಪ್ಪು ಅಲ್ಲಿದೆ. ಬೆಳಿಗ್ಗೆ ಪೂಜೆ ಮಾಡಿದೆ, ವಿಭೂತಿ ಹಚ್ಚಿದೆ, ಪ್ರವಚನಕ್ಕೂ ಬಂದೆ. ನಾನು ನೆಟ್ಟಗೇ ಇದ್ದೇನೆ, ಹಾಗಾದರೆ ಕೆಟ್ಟವರು ಯಾರು? ಸೊಸೆ. ತಮ್ಮ. ಪಕ್ಕದ ಮನೆಯವರು. ಹೌದಲ್ಲವೇ? ಗಟಾರದ ಕಡೆ ಕೂತವರು ಕೂಗುತ್ತಲೇ ಇರುತ್ತಾರೆ, ನಾವು ಪಟ ನೋಡುತ್ತಲೇ ಇರುತ್ತೇವೆ.

ಇಂದು ಮನೆಗೆ ಹೋದಾಗ ಪಕ್ಕದಲ್ಲಿ ಕೂತವರು ಏನಾದರೂ ಹೇಳಿದರೆ, ಆ ಮಾತು ಮುಗಿಯುವವರೆಗೆ ಸುಮ್ಮನೆ ಕೇಳಿ. ನಿಮಗೆ ತಿಳಿದದ್ದನ್ನು ಸಿಟ್ಟಿನಿಂದ ಬಚ್ಚಿಟ್ಟುಕೊಂಡಿದ್ದರೆ ಹೇಳಿಬಿಡಿ. ಮತ್ತೆ ಯಾರ ಮೇಲಾದರೂ ಸುಳ್ಳು ಮಾತು ಆಡಿದ್ದರೆ, ಎಲ್ಲಿ ಆಡಿದಿರೋ ನೆನಪು ಮಾಡಿಕೊಳ್ಳಿ. ಚಾದಂಗಡಿಯೋ, ಬಾವಿಕಟ್ಟೆಯೋ, ಇದೇ ಮಠದ ಅಂಗಳವೋ. ನಾಳೆ ಬೆಳಿಗ್ಗೆ ಅಲ್ಲಿಗೇ ಹೋಗಿ, ಅಷ್ಟೇ ಜನರ ಮುಂದೆ, ಅಷ್ಟೇ ದೊಡ್ಡ ದನಿಯಲ್ಲಿ ಅದನ್ನು ಹಿಂದಕ್ಕೆ ತಗೊಳ್ಳಿ. ಜನ ನಗುತ್ತಾರೆ. ನಗಲಿ. ನೀವೂ ಅವರ ಜೊತೆ ಕೂತು ನಕ್ಕು, ಒಂದು ಚಾ ಕುಡಿದು ಬನ್ನಿ.